ಕರಡಚ್ಚು

ಸ್ಕೂಲ್ ಬ್ಯಾಗಿನಲ್ಲಿ ಸಮಾಜವಿಜ್ಞಾನ, ಜಾಮಿಟ್ರಿ ಬಾಕ್ಸು,
ಅದರಡಿ ನಾಯಿಮರಿ.
ಭಟ್ಟಿಯ ಹಿಂದೆ ಹರಿದ ಗೋಣಿಯೊಳಗೆ ಸಿಕ್ಕಿತಂತೆ.
ಬೆಳ್ಳಗೆ, ಊದಿದರೆ ಹಾರುವಷ್ಟು ಹಗುರ.
ಮಗಳು ದಾರಿಯಲ್ಲೇ ಹೆಸರಿಟ್ಟು ಮುಗಿಸಿದ್ದಳು:
ಮಂಡಕ್ಕಿ.

ಮನೆ ಮಾಲೀಕರು ಕೊಟ್ರಮ್ಮ ಮೆಟ್ಟಿಲ ಮೇಲಿಂದಲೇ ಹೇಳಿದರು:
‘ಗ್ರಾನೈಟ್ ಹಾಕ್ಸಿ ವರ್ಷ ಆಗಿಲ್ಲ.
ಒಂದ್ ಹನಿ ಬಿದ್ರೂ ನಾಯಿನೂ ಹೊರಗ, ನೀವೂ ಹೊರಗ.’

ಮಗಳಿಗೆ ಒಂಬತ್ತಕ್ಕೆ ನಿದ್ದೆ. ಹೆಂಡತಿಗೆ ಐದಕ್ಕೆ ನಲ್ಲಿ ನೀರು.
ರಾತ್ರಿ ಎರಡಕ್ಕೆ ಮನೆಗೆ ಬರುವವನು ನಾನೊಬ್ಬ,
ಪತ್ರಿಕೆಯಲ್ಲಿ ಕರಡು ತಿದ್ದುವವನು.
ಹಾಗಾಗಿ ಮಂಡಕ್ಕಿಯ ವಿದ್ಯಾಭ್ಯಾಸ ನನ್ನ ಪಾಲಿಗೆ ಬಂತು.

‘ಪೇಪರ್ ಹಾಸ್ರಿ ಸಾರ್, ಮೂಲೇಲಿ. ದಿನಾ ಒಂದ್ ಗೇಣು
ಬಾಗಿಲ ಕಡಿ ಜರುಗಿಸ್ರಿ. ನಿಧಾನ. ಬಡೀಬ್ಯಾಡ್ರಿ.’
ಎಂದ ಭಟ್ಟಿಯ ದಾದಾಪೀರ್, ಮೂರು ನಾಯಿ ಸಾಕಿದವ.

ಪೇಪರಿಗೇನು ಬರ?
ಮಸಿ ಹರಡಿ ಹಾಳಾದ ಪ್ರತಿ ಮಷಿನ್ ರೂಮಿನಲ್ಲಿ ದಿನಾ ಒಂದು ಕಟ್ಟು.
ಹಾಸಲು ಕೂತರೆ ಮಾತ್ರ ಕೈ ಓಡಲಿಲ್ಲ.
ಕಾಲು ತಾಗಿದರೆ ಕಣ್ಣಿಗೊತ್ತಿಕೋ ಎಂದು ಬೆಳೆಸಿದ್ದಳು ಅವ್ವ,
ತನಗೆ ಓದು ಬಾರದವಳು,
ಪುಟಾಣಿ ಕಟ್ಟಿದ ಪೊಟ್ಟಣವನ್ನೂ ಬಿಚ್ಚಿ
ನನ್ನಿಂದ ಓದಿಸಿಯೇ ಒಲೆಗೆ ಹಾಕುತ್ತಿದ್ದವಳು.

ಮೊದಲು ದೇವರ ಪಟ ಕತ್ತರಿಸಿ ತೆಗೆದೆ.
ಆಮೇಲೆ ಪುಣ್ಯಸ್ಮರಣೆಯ ಚೌಕಗಳು:
ಪೇಟ ಸುತ್ತಿದವರು, ಮೂಗುಬಟ್ಟಿನವರು,
ಬೈಕಿಗೊರಗಿ ನಿಂತ ಒಬ್ಬ ಹುಡುಗ.
ಆಮೇಲೆ ಎಸ್ಸೆಸ್ಸೆಲ್ಸಿಯಲ್ಲಿ ಮೊದಲು ಬಂದ ಹುಡುಗಿ.
ಉಳಿದದ್ದು ಟೆಂಡರು, ಮೆಕ್ಕೆಜೋಳದ ಧಾರಣೆ,
‘ಇಂದಿನಿಂದ ನನ್ನ ಹೆಸರು ಹೀಗೆ’ ಎಂಬ ಅಫಿಡವಿಟ್ಟು.
ಕಿಟಕಿ ಕಿಟಕಿಯಾದ ಪೇಪರು.
ಮಂಡಕ್ಕಿ ಮೂಸಿ ಮೂಸಿ ಒಂದು ಕಿಟಕಿ ಹುಡುಕಿ
ನೇರ ಗ್ರಾನೈಟಿನ ಮೇಲೆ ಬಿಟ್ಟಿತು.

ಮರುದಿನದಿಂದ ಇಡೀ ಪುಟ ಹಾಸಿದೆ. ಅವ್ವ ಕ್ಷಮಿಸಲಿ.

ಕಲಿತಿತು. ಎಷ್ಟು ಕಲಿತಿತೆಂದರೆ
ಭಾನುವಾರ ನಾನು ನೆಲದ ಮೇಲೆ ಪೇಪರು ಹರಡಿ
ಬೋರಲು ಮಲಗಿ ಓದುತ್ತಿರುವಾಗ
ಬಂದು, ಎರಡು ಸುತ್ತು ಸುತ್ತಿ,
ಸಂಪಾದಕೀಯದ ಮೇಲೆ ಕೂತಿತು.
ಕೂತು ನನ್ನ ಮುಖ ನೋಡಿತು, ಶಹಬ್ಬಾಸ್‌ಗಾಗಿ.
ಕೊಟ್ಟೆ. ತಪ್ಪು ಅದರದ್ದಲ್ಲ.

ಗೇಣು, ಇನ್ನೊಂದು ಗೇಣು. ಹೊಲಿಗೆ ಮಷಿನ್ನು ದಾಟಿ,
ಚಪ್ಪಲಿ ಸ್ಟ್ಯಾಂಡಿನ ಹತ್ತಿರ ಮೂರು ದಿನ ಹಟ ಹಿಡಿದು,
ಹೊಸ್ತಿಲು.
ಈ ನಡುವೆ ನಾನೂ ಓದಲು ಕಲಿತೆ.
ಮೂಸಿದರೆ ಅಲ್ಪವಿರಾಮ, ಸುತ್ತಿದರೆ ಅರ್ಧವಿರಾಮ,
ನಾನು ತಡ ಮಾಡಿದರೆ ಪೂರ್ಣವಿರಾಮ, ಫಿನಾಯಿಲು.

ನಿನ್ನೆ ಎರಡೂ ಮುಕ್ಕಾಲು.
ಬಾಗಿಲು ಕೆರೆಯಿತು, ತಾನಾಗಿ.
ಎತ್ತಿಕೊಂಡು ಓಡಿದೆ, ಬನಿಯನ್ನಿನಲ್ಲಿ, ಬರಿಗಾಲಲ್ಲಿ.
ಭಟ್ಟಿಗೆ ಆಗಲೇ ಬೆಂಕಿ ಹಾಕಿದ್ದರು.
ಕಾದ ಮರಳಿನ ವಾಸನೆ ಬೀದಿ ತುಂಬ,
ಅಕ್ಕಿ ಅರಳುವ ಚಟಪಟ.
ಮಂಡಕ್ಕಿ ಕಂಬ ಮೂಸಿತು. ಜಲ್ಲಿಗುಡ್ಡೆ ಮೂಸಿತು.
ಕೊಟ್ರಮ್ಮನವರ ಸ್ಕೂಟಿ ಮೂಸಿತು, ನಾನು ಉಸಿರು ಹಿಡಿದೆ.
ಕೊನೆಗೆ ಮಣ್ಣಿನ ಮೇಲೆ,
ಒಂದಕ್ಷರವೂ ಇಲ್ಲದ ಮಣ್ಣಿನ ಮೇಲೆ ಕೂತಿತು.
ಚಪ್ಪಾಳೆ ತಟ್ಟಿಬಿಟ್ಟೆ. ಮೇಲೆ ಲೈಟು ಹತ್ತಿತು.
‘ಆತೇನ್ರಿ?’ ಕಿಟಕಿಯಲ್ಲಿ ಕೊಟ್ರಮ್ಮ.
‘ಆತ್ರಿ.’
ಲೈಟು ಆರಿತು.

ಒಳಗೆ ಬಂದರೆ ಹಾಸಿದ ಪೇಪರು ಹಾಗೇ ಇತ್ತು, ಒಣಗಿ, ಗರಿಗರಿಯಾಗಿ.
ನಿದ್ದೆ ಬರದೆ ಎತ್ತಿಕೊಂಡು ಓದಿದೆ, ನಾನೇ ತಿದ್ದಿದ ಪುಟ.
ಮೂರನೇ ಕಾಲಂ, ಕೆಳಗೆ:
ಹರಿಹರದ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಚಿದಾನಂದಪ್ಪ
ಮಂಗಳವಾರ ನಿಧಾನರಾದರು.
‘ಧ’ಕ್ಕೆ ಒಂದು ಇಳಿ ಹೆಚ್ಚು.
ವ್ಯಾನು ಇಷ್ಟೊತ್ತಿಗೆ ಜಗಳೂರು ದಾಟಿರುತ್ತದೆ.
ಬೆಳಗಾದರೆ ಫೋನು, ಬೈಗುಳ, ನಾಳೆ ಒಂದು ವಿಷಾದ.

ಮಂಡಕ್ಕಿ ನನ್ನ ಪಾದದ ಮೇಲೆ ಗದ್ದವಿಟ್ಟು ಮಲಗಿತ್ತು.
ಕೆಂಪು ಪೆನ್ನಿಗೆ ಕೈ ಹೋಗಲಿಲ್ಲ.
ಈ ಒಂದು ರಾತ್ರಿಯ ಮಟ್ಟಿಗೆ
ಮೇಷ್ಟ್ರು ನಿಧಾನವಾಗಿದ್ದಾರೆ, ಅಷ್ಟೆ.
ದಾರಿಯಲ್ಲೆಲ್ಲೋ ನಿಂತಿದ್ದಾರೆ,
ಕಂಬ ಮೂಸುವ ಯಾವುದೋ ನಾಯಿಗೆ ಕಾಯುತ್ತ.